ಗುರುತಿಲ್ಲ ಅಂದ ಮಹಾಲಿಂಗಯ್ಯ

ಮಧುಗಿರಿ ಪೇಟೆಯಲ್ಲಿ ಮಹಾಲಿಂಗಯ್ಯನವರ ಬಟ್ಟೆ ಅಂಗಡಿ ಅಂದರೆ ಒಂದು ಕಾಲಕ್ಕೆ ಹೆಸರಿತ್ತು. ಕಣ್ಣು ಮುಚ್ಚಿ ಬಟ್ಟೆ ಸವರಿ ಇದು ಹತ್ತಿ, ಇದು ಮಿಶ್ರ ಅಂತ ಹೇಳುತ್ತಿದ್ದರು. ರಸ್ತೆ ಅಗಲ ಮಾಡುವಾಗ ಆ ಅಂಗಡಿ ನೆಲಸಮವಾಯಿತು. ಬೇರೆ ಕಡೆ ಮಳಿಗೆ ಹಿಡಿಯುವ ಹುಮ್ಮಸ್ಸು ಉಳಿದಿರಲಿಲ್ಲ. ಕೊನೆಗೆ ಸಿರಾ ಹೊರವಲಯದ ಒಂದು ಶೆಡ್ಡಿನಲ್ಲಿ ಬಾಟಲಿ ಆರಿಸುವ ಕೆಲಸಕ್ಕೆ ಸೇರಿಕೊಂಡರು.

ಊರೂರಿನ ಖಾಲಿ ನೀರಿನ ಬಾಟಲಿಗಳು ಅಲ್ಲಿಗೆ ಮೂಟೆ ಮೂಟೆ ಬರುತ್ತವೆ. ಮುಚ್ಚಳ ತೆಗೆದು, ಲೇಬಲ್ ಕಿತ್ತು, ಬಿಳಿಯದು ಬೇರೆ ಹಸಿರಿನದು ಬೇರೆ ಮಾಡಬೇಕು. ಯಂತ್ರ ಅದನ್ನು ಚೂರು ಮಾಡಿ ಬಿಸಿನೀರಲ್ಲಿ ತೊಳೆಯುತ್ತದೆ. ಆ ಚೂರು ನೂಲಿನ ಮಿಲ್ಲಿಗೆ ಹೋಗಿ, ಕರಗಿ, ಎಳೆಯಾಗಿ, ಪಾಲಿಯೆಸ್ಟರ್ ಬಟ್ಟೆಯಾಗುತ್ತದೆ. ಹೆಂಡತಿ ಸಿದ್ದಗಂಗಮ್ಮ, ಮಗಳು ಲೋಹಿತಾ ಇಬ್ಬರನ್ನು ಬಿಟ್ಟರೆ ಉಳಿದವರಿಗೆಲ್ಲ ಮಹಾಲಿಂಗಯ್ಯ ‘ನೂಲಿನ ಕಂಪನೀಲಿ ಸೂಪರ್‌ವೈಸರ್’ ಅಂತಲೇ ಹೇಳಿಕೊಂಡಿದ್ದರು. ಸಂಜೆ ಕೈಕಾಲು ತೊಳೆದು, ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಧರಿಸಿಯೇ ಬಸ್ ಹತ್ತುತ್ತಿದ್ದರು.

ಶೆಡ್ಡಿನಲ್ಲಿ ಅವರ ಪಕ್ಕ ಕೂರುತ್ತಿದ್ದವಳು ಐ.ಡಿ.ಹಳ್ಳಿಯ ಕೆಂಚಮ್ಮ. ಮೊದಮೊದಲು ಮುಚ್ಚಳದ ಉಂಗುರ ಕೀಳಲು ಬಾರದೆ ಇವರು ಬೆರಳು ಕುಯ್ದುಕೊಂಡಾಗ, ತನ್ನ ಸೆರಗನ್ನೇ ಹರಿದು ಸುತ್ತಿದ್ದಳು. “ನಿಧಾನ ಕಣಣ್ಣ, ಬಾಟ್ಲಿ ಎಲ್ಲಿಗೂ ಓಡೋಗಕಿಲ್ಲ” ಅಂದಿದ್ದಳು. ತಂದ ಉಪ್ಪಿನಕಾಯಲ್ಲಿ ಒಂದು ಹೋಳು ಇವರ ಡಬ್ಬಿಗೂ ಬೀಳುತ್ತಿತ್ತು.

ಲೋಹಿತಾಗೆ ಪ್ರಭುದೇವ್ ಅನ್ನುವ ಹುಡುಗ ನಿಶ್ಚಯವಾದ. ಅವನ ತಂದೆ ಬಸವಲಿಂಗಯ್ಯನವರು ಮೇಷ್ಟರಾಗಿ ನಿವೃತ್ತಿಯಾದವರು, ಮಿತಭಾಷಿ. ಒಂದು ಭಾನುವಾರ ಬೀಗರಿಬ್ಬರೂ ಸೇರಿ ವರನಿಗೆ ಬಟ್ಟೆ ತೆಗೆಯಲು ಸಿರಾಕ್ಕೆ ಹೋದರು. ಅಂಗಡಿಯವನು ಒಂದು ಥಾನು ಬಿಚ್ಚಿ ಹಾಸಿ, “ಇದು ಹೊಸದು ಸರ್. ನೀರಿನ ಬಾಟಲಿಯಿಂದ ಮಾಡಿದ್ದು ಅಂದ್ರೆ ನಂಬ್ತೀರಾ?” ಅಂದ. ಬಸವಲಿಂಗಯ್ಯ ಬಟ್ಟೆ ಸವರಿ ತಲೆದೂಗಿದರು.

ಅಷ್ಟರಲ್ಲಿ ಹಿಂದಿನಿಂದ ಪರಿಚಿತ ದನಿ. ಮೊಮ್ಮಗಳಿಗೆ ಯೂನಿಫಾರ್ಮ್ ತಗೊಳ್ಳಲು ಬಂದಿದ್ದ ಕೆಂಚಮ್ಮ ಮುಖವರಳಿಸಿ ಮುಂದೆ ಬಂದು ಬಟ್ಟೆ ಮುಟ್ಟಿದಳು.

“ಅಣ್ಣಾ, ನೋಡಣ್ಣ! ನಾವಿಬ್ರೂ ಆರ್ಸಿದ್ ಬಾಟ್ಲಿ ಹೆಂಗಾಗದೆ ನೋಡು!”

ಬೀಗರು ತಿರುಗಿ ನೋಡುತ್ತಿದ್ದರು.

“ಯಾರಮ್ಮ ನೀನು? ನನಗೆ ಗುರುತಿಲ್ಲವಲ್ಲ.”

ಬಾಯಿಂದ ಬಂದ ಮಾತು ಅವರ ಕಿವಿಗೇ ಬೇರೆ ಯಾರದೋ ಅನ್ನಿಸಿತು. ಕೆಂಚಮ್ಮನ ಕೈ ಬಟ್ಟೆಯ ಮೇಲೇ ನಿಂತಿತ್ತು. ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಇವರ ಹಣೆಯ ವಿಭೂತಿ ನೋಡಿದಳು, ಪಕ್ಕದವರನ್ನು ನೋಡಿದಳು.

“ತಪ್ಪಾಯ್ತು ಅಯ್ನೋರೆ. ಬ್ಯಾರೆ ಯಾರೋ ಅನ್ಕಂಬುಟ್ಟೆ.”

ಯೂನಿಫಾರ್ಮ್ ಕೊಳ್ಳದೆಯೇ ಮೆಟ್ಟಿಲಿಳಿದು ಹೋದಳು. ಬಸವಲಿಂಗಯ್ಯ ಥಾನನ್ನು ಅಂಗಡಿಯವನ ಕಡೆ ಸರಿಸಿದರು. ಅದೇ ಬಟ್ಟೆ ಇರಲಿ ಅಂದರು.

ಮಾರನೆಯ ದಿನ ಶೆಡ್ಡಿಗೆ ಹೋದರೆ ಕೆಂಚಮ್ಮ ಬೇರೆ ಸಾಲಿನಲ್ಲಿ ಕೂತಿದ್ದಳು. ಜಗಳವಿಲ್ಲ, ಮುನಿಸಿನ ಮಾತಿಲ್ಲ. ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದಳು. ಆ ದಾರಿ ಬಿಡುವುದನ್ನು ಮಹಾಲಿಂಗಯ್ಯನಿಗೆ ಸಹಿಸಲಾಗುತ್ತಿರಲಿಲ್ಲ.

ಒಂದು ವಾರ ಹೀಗೇ ನರಳಿ, ಬೀಗರ ಮನೆಗೆ ಹೋದರು. ಜಗಲಿಯ ಮೇಲೆ ಕೂತು, ತಲೆ ತಗ್ಗಿಸಿ, ತಾನು ಸೂಪರ್‌ವೈಸರ್ ಅಲ್ಲ, ಬಾಟಲಿ ಆರಿಸುವವನು ಅಂದರು.

“ಗೊತ್ತಿತ್ತು,” ಅಂದರು ಬಸವಲಿಂಗಯ್ಯ. “ಹೆಣ್ಣು ಕೇಳೋ ಮುಂಚೆ ವಿಚಾರಿಸದೆ ಇರ್ತೀವಾ? ದುಡಿದು ತಿನ್ನೋ ಮನೆ ಅಂತಲೇ ಬಂದ್ವಿ.” ಆಮೇಲೆ, “ಆವತ್ತು ಅಂಗಡೀಲಿ ನೀವು ಆ ಹೆಂಗಸಿಗೆ ಹಾಗಂದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ” ಅಂದರು.

ಮಹಾಲಿಂಗಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರಿಂದ ಮುಚ್ಚಿಡಬೇಕೆಂದು ಹಾಗೆ ಮಾಡಿದರೋ ಅವರಿಗೆ ಎಲ್ಲ ಗೊತ್ತಿತ್ತು. ಕಾರಣವಿಲ್ಲದೆ ಪೆಟ್ಟು ತಿಂದವಳು ಕೆಂಚಮ್ಮ ಒಬ್ಬಳೇ.

ಮರುದಿನ ಲಗ್ನಪತ್ರಿಕೆ ಹಿಡಿದು ಅವಳ ಸಾಲಿಗೆ ಹೋಗಿ, ಎಲ್ಲರೂ ನೋಡುತ್ತಿರುವಾಗಲೇ ನಿಂತರು.

“ಕೆಂಚಮ್ಮ, ನನ್ನಿಂದ ದೊಡ್ಡ ತಪ್ಪಾಯ್ತು.”

ಅವಳು ಲೇಬಲ್ ಕೀಳುವುದನ್ನು ನಿಲ್ಲಿಸಲಿಲ್ಲ. “ನಂಗೂ ಮಗಳವ್ಳೆ. ಬೀಗರ ಮುಂದೆ ಹೆಂಗಾಯ್ತದೆ ಅಂತ ಗೊತ್ತು ಬುಡಿ. ಆದ್ರೆ ಬಸ್ನಾಗೆ ಊರಿಗೋಗೋವಾಗ ನನ್ ಕೈಯ ನಾನೇ ಮೂಸಿ ನೋಡ್ಕಂಡೆ. ಸೋಪಾಕಿ ತೊಳ್ಕಂಡೇ ಬಂದಿದ್ದೆ. ವಾಸ್ನೆ ಏನೂ ಇರ್ನಿಲ್ಲ.”

ಮಹಾಲಿಂಗಯ್ಯ ಪತ್ರಿಕೆಯನ್ನು ಅವಳ ಪಕ್ಕದಲ್ಲಿಟ್ಟು ಬಂದರು.

ಮದುವೆಗೆ ಅವಳು ಬಂದಳು. ಬಂದವಳು ಛತ್ರದ ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತಳು. ಮಹಾಲಿಂಗಯ್ಯ ಹೋಗಿ ಕರೆದು ತಂದು ಬೀಗರ ನೆಂಟರ ಮುಂದೆ ನಿಲ್ಲಿಸಿ, “ಇವರು ನನ್ನ ಜೊತೆ ಬಾಟಲಿ ಆರಿಸೋ ಕೆಲಸ ಮಾಡ್ತಾರೆ” ಅಂದರು. ದನಿ ಹೊರಗೆ ಬಂದಿರಲಿಲ್ಲ. ವಾಲಗದ ಸದ್ದಿನಲ್ಲಿ ನೆಂಟರೊಬ್ಬರು, “ಏನಂದ್ರಿ?” ಅಂತ ಕಿವಿ ಮುಂದೆ ತಂದರು.

ಕೆಂಚಮ್ಮ ಇವರ ಮುಖವನ್ನೇ ನೋಡುತ್ತಿದ್ದಳು. ಮಹಾಲಿಂಗಯ್ಯ ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ, ಈ ಬಾರಿ ಜೋರಾಗಿ ಹೇಳಿದರು.