ಕುಕ್ಕರ್ ಕೋಣೆಯ ಹೊರಗಿನ ದನಿ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕುಕ್ಕರಿನ ಒತ್ತಡ ತೋರಿಸುವ ಮುಳ್ಳು ಹದಿನೈದಕ್ಕೆ ಬಂದು ನಿಂತಿತು. ಗಡಿಯಾರ ನೋಡಿದ್ದು ನಾನೇ. ಮುಳ್ಳು ಅಲ್ಲಿಗೆ ಬಂದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಒಲೆ ಆರಿಸಬೇಕಿತ್ತು. ಎಲ್ಲ ಕೆಡಲು ಶುರುವಾದದ್ದು ಆ ಗಳಿಗೆಯಿಂದ ಎಂದು ಆಗ ಗೊತ್ತಾಗಲಿಲ್ಲ.

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದರೆ ನಾನು ನಂಬುತ್ತಿರಲಿಲ್ಲ. ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನಲ್ಲಿದ್ದ ನಮ್ಮ ಚಿಕ್ಕಪ್ಪ, ಮುಖ ಕಾಣದ ದನಿ ಹೆಸರು ಹಿಡಿದು ಕೂಗಿದರೆ ಓಗೊಡಬಾರದು ಎನ್ನುತ್ತಿದ್ದರು. ಬಿ.ಎಸ್ಸಿ. ಓದಿದ ನಾನು ನಗುತ್ತಿದ್ದೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದ ಕಾಲ. ಗುಂಡ್ಲುಪೇಟೆಯ ಹೊರಗೆ ಮಾದಪ್ಪನವರೆಂಬ ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಹಳೆಯ ರೇಷ್ಮೆಹುಳು ಮನೆಗೆ ಸುಣ್ಣ ಬಳಿಸಿ ಟಿಶ್ಯೂ ಕಲ್ಚರ್ ಲ್ಯಾಬ್ ಮಾಡಿದ್ದರು. ಬಾಳೆಕಂದಿನ ಒಳಸುಳಿಯನ್ನು ಕಡಲೆಕಾಳಿನಷ್ಟು ಕತ್ತರಿಸಿ, ಬಾಟಲಿಯೊಳಗಿನ ಜೆಲ್ಲಿನ ಮೇಲೆ ಕೂರಿಸಿ, ಅಲ್ಲೇ ಸಸಿ ಮಾಡುವ ಕೆಲಸ. ಕಡಲಪಾಚಿಯಿಂದ ತೆಗೆದ ಅಗರ್ ಪುಡಿಯನ್ನು ಸಕ್ಕರೆ, ಲವಣ ಬೆರೆಸಿದ ನೀರಿನಲ್ಲಿ ಕಾಯಿಸಿದರೆ ಜೆಲ್ ಆಗುತ್ತದೆ. ಬಿಸಿಯಲ್ಲಿ ಗಂಜಿತಿಳಿಯ ಹಾಗಿದ್ದು, ಆರಿದ ಮೇಲೆ ಹಾಲುಬಾಯಿಯಂತೆ ಹೆಪ್ಪುಗಟ್ಟುತ್ತದೆ. ಅದನ್ನು ಬಾಟಲಿಗೆ ಸುರಿದು ಆಳೆತ್ತರದ ಕುಕ್ಕರಿನಲ್ಲಿ ಹಬೆಗಿಡಬೇಕು. ಇಲ್ಲದಿದ್ದರೆ ಸಸಿಗಿಂತ ಮೊದಲು ಬೂಷ್ಟು ಬೆಳೆಯುತ್ತದೆ.

ಅಲ್ಲಿ ಕೆಲಸಕ್ಕಿದ್ದವರು ಇಬ್ಬರೇ. ನಾನು, ಮತ್ತು ಉಮ್ಮತ್ತೂರಿನಿಂದ ಬಂದು ಅತ್ತೆಯ ಮನೆಯಲ್ಲಿದ್ದ ನಾಗು. ಅವಳು ಓದಿದ್ದು ಪಿಯುಸಿ. ಆದರೆ ಅವಳ ಬಾಟಲಿಗಳಿಗೆ ಬೂಷ್ಟು ಹಿಡಿಯುತ್ತಿರಲಿಲ್ಲ. ಅದೇ ಜೆಲ್, ಅದೇ ಚಾಕು, ಅದನ್ನು ಸುಡುವ ಅದೇ ದೀಪ; ನನ್ನ ಸಾಲಿನಲ್ಲಿ ಮಾತ್ರ ಎರಡೇ ದಿನಕ್ಕೆ ಬಿಳಿ ನೂಲು. ಬಿತ್ತನೆಗೆ ಒಳ್ಳೆಯ ಕೈಯವರನ್ನು ಕರೆದು ಮೊದಲ ಹಿಡಿ ಹಾಕಿಸುವ ಹಾಗೆ ಮಾದಪ್ಪನವರು ಪ್ರತಿ ಸಲ ಮೊದಲ ಸುಳಿಯನ್ನು ಅವಳಿಂದಲೇ ಇಡಿಸುತ್ತಿದ್ದರು. "ಮೊದಲ್ನೇದು ನಾಗುನೇ ಮಡಗ್ಲಿ. ಅವಳ ಕೈಗುಣ ಚೆಂದಾಗದೆ ಕಣಮ್ಮಿ" ಎಂದು ನನಗೇ ಹೇಳುವರು. ನಾನು ಸೂಕ್ಷ್ಮಜೀವಿಗಳ ಬಗ್ಗೆ ಓದಿದ್ದವಳು, ಕೈಗುಣಕ್ಕೆ ಏನು ಉತ್ತರ ಕೊಡಲಿ?

ಇಬ್ಬರಲ್ಲಿ ಒಬ್ಬರನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿ, ಆಮೇಲೆ ಲ್ಯಾಬಿನ ಜವಾಬ್ದಾರಿ ಅವರಿಗೇ ವಹಿಸುವುದಾಗಿ ಅವರು ಹೇಳಿದ್ದರು. ಚಾಮರಾಜನಗರಕ್ಕೆ ಹೋಗಿದ್ದ ಮಾದಪ್ಪನವರು ಆ ದಿನ ವಾಪಸು ಬಂದು ಯಾರೆಂದು ತಿಳಿಸುವವರಿದ್ದರು.

ಕುಕ್ಕರಿನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಇಬ್ಬರೂ ಹತ್ತಿಯ ಬಿರಡೆ ಮಾಡುತ್ತಿದ್ದೆವು.

"ಅತ್ತಿ ಏನ್ ಮಾಡ್ತಮ್ಮಿ ನಿಂಗೆ? ಅಂಗ್ ಇಸುಕ್ತಾ ಇದ್ದೀಯಲ್ಲ" ಎಂದಳು ನಾಗು.

"ಕೈಗುಣ ಇಲ್ದೋರು ಹೀಗೇ ಮಾಡೋದು" ಎಂದೆ.

ಆಗ ಅಂಗಳದಿಂದ ಮಾದಪ್ಪನವರ ದನಿ ಕೇಳಿತು. "ನಾಗೂ, ಬಾಮ್ಮಿ ಇಲ್ಲಿ, ಬಿರ್ನೆ." ಆಯಿತಲ್ಲ, ಅವಳೊಬ್ಬಳನ್ನೇ ಕರೆದು ಹೇಳುತ್ತಾರೆ. ಹೇಳುವಾಗ ನಾನೂ ಎದುರಿಗಿರಬೇಕೆಂದು ಎದ್ದೆ. ಅವಳೂ ಎದ್ದಳು. ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿತು, ಇಬ್ಬರೂ ದಾರಿ ಬಿಡಲಿಲ್ಲ. ಅಂಗಳದಲ್ಲಿ ಯಾರೂ ಇರಲಿಲ್ಲ. ಗೇಟಿನವರೆಗೂ ಹೋದೆವು. ಒಳಗಿನಿಂದ ನಾವೇ ಹಾಕಿದ್ದ ಚಿಲಕ ಹಾಗೇ ಇತ್ತು.

ಆಗ ಬೆನ್ನ ಹಿಂದೆ ಕುಕ್ಕರ್ ಸಿಡಿಯಿತು. ಮುಚ್ಚಳ ಕಲ್ನಾರಿನ ಶೀಟು ಒಡೆದುಕೊಂಡು ಹೊಲಕ್ಕೆ ಬಿತ್ತು. ನನ್ನ ಸ್ಟೂಲಿನ ಹಲಗೆಗೆ ಬೆರಳುದ್ದದ ಗಾಜು ನಾಟಿತ್ತು. ಗೋಡೆಯ ತುಂಬ ಕುದಿಯುವ ಜೆಲ್ ಇಳಿಯುತ್ತ ಇಳಿಯುತ್ತಲೇ ಗಟ್ಟಿಯಾಗುತ್ತಿತ್ತು.

ಹಿಂದಿನ ಸಲ ಯಾವುದೋ ಬಾಟಲಿ ಉಕ್ಕಿ, ಮುಳ್ಳಿಗೂ ಸೇಫ್ಟಿ ವಾಲ್ವಿಗೂ ಹೋಗುವ ಹಬೆಕೊಳವೆಯಲ್ಲಿ ಜೆಲ್ ಒಣಗಿ ಕೂತಿತ್ತಂತೆ. ನಾವು ಮುಚ್ಚಳ ಉಜ್ಜುತ್ತಿದ್ದೆವೇ ಹೊರತು ಕೊಳವೆಗೆ ಕಡ್ಡಿ ಹಾಕುತ್ತಿರಲಿಲ್ಲ. ಆ ದಿನ ಅದು ಸರಿದು ಕೊಳವೆಯನ್ನು ಪೂರ್ತಿ ಮುಚ್ಚಿದ್ದರಿಂದ, ಒಳಗೆ ಒತ್ತಡ ಏರುತ್ತಿದ್ದರೂ ಮುಳ್ಳು ಹದಿನೈದರಿಂದ ಕದಲಲಿಲ್ಲ. ಇದೆಲ್ಲ ಅರ್ಥವಾಗುತ್ತದೆ. ಸಂಜೆ ಬಂದ ಮಾದಪ್ಪನವರು ಹೇಳಿದ್ದು ಅರ್ಥವಾಗುವುದಿಲ್ಲ. "ನಾನಾಗ ತೆರಕಣಾಂಬಿ ತಾವ ಬಸ್ಸಲ್ಲಿದ್ನಲ್ಲಮ್ಮಿ."

ಆಮೇಲೆ ರಾತ್ರಿಗಳು ಕಷ್ಟವಾದವು. ಕಣ್ಣು ಮುಚ್ಚಿದರೆ ಸ್ಟೂಲು, ಗಾಜು. ಆದರೆ ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಬೇರೆ. ಸಾವಿನ ಬಾಯಿಂದ ಎಬ್ಬಿಸುವಾಗಲೂ ಕೂಗಿದ್ದು ಅವಳ ಹೆಸರನ್ನೇ. ನಾನು ಪಕ್ಕದಲ್ಲೇ ಕೂತಿದ್ದೆ, ನನ್ನನ್ನು ಯಾರೂ ಕರೆಯಲಿಲ್ಲ. ಹೊಟ್ಟೆಕಿಚ್ಚು ಇಲ್ಲದಿದ್ದರೆ ಅಲ್ಲೇ ಇರುತ್ತಿದ್ದೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ, ಗೋಡೆಯಲ್ಲಿ ಒಣಗಿದ ಜೆಲ್ ಕೆರೆಯುತ್ತಿದ್ದಾಗ ನಾಗು ಕೇಳಿದಳು. "ಕ್ವಾಪ ಮಾಡ್ಕೋಬ್ಯಾಡ ಕಣಮ್ಮಿ. ಅವತ್ತು ನಿನ್ನೊಬ್ಬಳ್ನೇ ಯಾಕ್ ಕರೀತು ಅದು?"

"ನನ್ನನ್ನಾ? ಕರೆದದ್ದು ನಿನ್ನನ್ನಲ್ವಾ?"

"ಸುಮ್ಕಿರಮ್ಮಿ. ನಿನ್ನೆಸ್ರು ನಾನೇ ಕೇಳಿವ್ನಿ. ಟ್ರೈನಿಂಗ್ ನಿಂಗೇ ಆಯ್ತು ಅಂತ ಒಟ್ಟೆ ಉರ್ಕೊಂಡು ಎದ್ದು ಬಂದೆ. ಅವತ್ತಿಂದ ನಂಗೆ ನಿದ್ದೆನೇ ಇಲ್ಲ."

ನನ್ನ ಕಿವಿಗೆ ಅವಳ ಹೆಸರು, ಅವಳ ಕಿವಿಗೆ ನನ್ನದು. ತಂತಮ್ಮ ಹೆಸರು ಇಬ್ಬರಿಗೂ ಕೇಳಿರಲಿಲ್ಲ. ಕರೆದವರು ಯಾರು, ನಮ್ಮಿಬ್ಬರನ್ನು ಅಷ್ಟು ಚೆನ್ನಾಗಿ ಬಲ್ಲವರು ಯಾರು, ಇಂದಿಗೂ ತಿಳಿಯದು.

ತರಬೇತಿಗೆ ಕೊನೆಗೆ ಅವಳೇ ಹೋದಳು. ನನಗೆ ಉರಿಯಲಿಲ್ಲ ಎಂದರೆ ಸುಳ್ಳು. ಆದರೆ ಗೋಡೆ ಕೆರೆದ ಆ ದಿನ ರಾತ್ರಿ, ಎಷ್ಟೋ ದಿನಗಳ ಮೇಲೆ, ಅವ್ವ ಬಂದು ಎಬ್ಬಿಸುವವರೆಗೂ ಮಲಗಿದ್ದೆ.