ನಮ್ಮೂರಿಗೆ ಬರುತ್ತಿದ್ದ ಇದ್ದಲಿ ಮೋಟಾರು

ಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ಪೆಟ್ರೋಲು ಸಿಗುತ್ತಿರಲಿಲ್ಲ. ಹಳಿಯಾಳದ ಮೋಟಾರುಗಳ ಬೆನ್ನಿಗೆ ಒಂದೊಂದು ಕಬ್ಬಿಣದ ಪೀಪಾಯಿ ಬಂತು. ಅದರಲ್ಲಿ ಇದ್ದಲಿ ಉರಿಸಿ, ಆ ಹೊಗೆಯ ಬಲದಿಂದ ಗಾಡಿ ಓಡಿಸಬೇಕು. ಓಡಿಸುವುದು ಅಂತ ಬಾಯಿಮಾತಿಗೆ ಹೇಳುತ್ತೇನೆ, ಅಷ್ಟೇ. ಏರು ಬಂದರೆ ಕೂತವರೆಲ್ಲ ಇಳಿದು ತಳ್ಳಬೇಕಿತ್ತು.

ಅಂಥ ಮೋಟಾರಾದರೂ ನಮ್ಮೂರಿಗೆ ಬೇಕೇ ಬೇಕಿತ್ತು, ನಮ್ಮ ಅವ್ವನ ಸಲುವಾಗಿ. ಅವಳಿಗೆ ಹೊಟ್ಟೆಯಲ್ಲಿ ನೀರು ತುಂಬುವ ಬೇನೆ. ಸಂತೆಗೊಮ್ಮೆ ಹಳಿಯಾಳದ ದವಾಖಾನೆಗೆ ಹೋಗಿ ತೋರಿಸಬೇಕು. ನೀರು ಹೆಚ್ಚಾದಾಗ ಡಾಕ್ಟರು ಸೂಜಿ ಚುಚ್ಚಿ ತೆಗೆಯುತ್ತಿದ್ದರು. ನಡೆಯುವುದು ಅವಳಿಂದ ಆಗದ ಮಾತು. ಎತ್ತಿನ ಗಾಡಿಯಲ್ಲಿ ಕೂಡಿಸಿದರೆ ಆ ಕುಲುಕಾಟಕ್ಕೆ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಹಳಿಯಾಳ ಪೇಟೆಯ ವ್ಯಾಪಾರಸ್ಥರು ಕೂಡಿ ಮೋಟಾರಿಗೊಂದು ಕಮಿಟಿ ಮಾಡಿದ್ದರು. ಹಳ್ಳಿಯವರು ಬಂದರೆ ತಾನೇ ಅವರ ಅಂಗಡಿ ನಡೆಯುವುದು? ಅದಕ್ಕೆ ಅಂಗಡಿ ಅಂಗಡಿಗೆ ವಂತಿಗೆಯ ಪಟ್ಟಿ ಎತ್ತಿ ಮೋಟಾರಿನ ಖರ್ಚು ನೋಡಿಕೊಳ್ಳುತ್ತಿದ್ದರು, ಅದು ಯಾವ ಊರಿಗೆ ಹೋಗಬೇಕೆಂದು ತಾವೇ ಗೊತ್ತುಮಾಡುತ್ತಿದ್ದರು. ನಮ್ಮೂರು ದಾಂಡೇಲಿ ರಸ್ತೆಯಿಂದ ಒಳಗೆ, ಕಾಡಿನ ಅಂಚಿಗೆ. ಊರ ಹಿರಿಯರು ಹೋಗಿ ಕೇಳಿದಾಗ ಕಮಿಟಿಯವರು, ದಾರಿ ನೀವೇ ಮಾಡಿಕೊಳ್ಳಿ, ಇದ್ದಲಿ ನೀವೇ ಕೊಡಿ, ಆಮೇಲೆ ನೋಡೋಣ ಅಂದರು.

ಮಾಡಿದೆವು. ಹೆಣ್ಣು ಗಂಡು ಎನ್ನದೆ ಊರೆಲ್ಲ ಬುಟ್ಟಿ ಹಿಡಿದು ಕಲ್ಲು ಮಣ್ಣು ಹೊತ್ತು ಹಳ್ಳದ ದಾರಿ ಏರಿಸಿದೆವು. ಊರ ಕೆಳಗಿನ ಸಿದ್ದಿ ಮನೆಗಳವರು ಇದ್ದಲಿ ಸುಡುವುದರಲ್ಲಿ ಪಳಗಿದವರು. ಜಂಗಲ್ ಖಾತೆಯ ಪಾಸು ತಂದು ಭಟ್ಟಿ ಹಾಕಿ, ಚೀಲಗಟ್ಟಲೆ ಸುಟ್ಟುಕೊಟ್ಟರು. ಮೊದಲ ಸಂತೆಗೆ ಮೋಟಾರು ಬಂದಾಗ ಅವ್ವ ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಆ ದಿನ ಅವಳು ಅಳಲಿಲ್ಲ. ಕಿಟಕಿಯಿಂದ ನನಗೆ ಕೈಬೀಸಿದಳು.

ನಾನು ಕೆಳಗೇ ಇದ್ದೆ. ಊರಿನ ಉಳಿದವರೂ ಕೆಳಗೇ. ಇದನ್ನು ಪೇಟೆಯವರಿಗೆ ಹೇಗೆ ತಿಳಿಸಿ ಹೇಳುವುದು ಅಂತ ನನಗೆ ಈಗಲೂ ಗೊತ್ತಾಗುವುದಿಲ್ಲ. ನಮ್ಮೂರಿನ ಬಾವಿಗೆ ಬಾಣಂತಿಯ ಮನೆಯವರೋ ಬೇನೆಯವರ ಮನೆಯವರೋ ಬಂದರೆ, ಸಾಲಿನಲ್ಲಿದ್ದವರು ಕೊಡ ಕೆಳಗಿಟ್ಟು ಹಿಂದೆ ಸರಿಯಬೇಕು. ಯಾರೂ ಕಲಿಸಿದ್ದಲ್ಲ, ಹಾಗೇ ನಡೆದು ಬಂದದ್ದು. ಮೋಟಾರಿಗೂ ಅದೇ ರೀತಿ ಅಂತ ನಾವು ತಿಳಿದೆವು. ಕಾಯಿಪಲ್ಲೆಯ ಬುಟ್ಟಿಗಳನ್ನು ಮೋಟಾರಿನ ನೆತ್ತಿಗೆ, ಟಪ್ಪಿನ ಮೇಲೆ ಹೇರಿ, ಅದರ ಬಾಡಿಗೆ ಕೊಟ್ಟು, ನಾವು ಮಾತ್ರ ಹಿಂದೆ ನಡೆದು ಹೋಗುತ್ತಿದ್ದೆವು. ಒಳಗೆ ಅವ್ವ, ಒಬ್ಬ ಕಣ್ಣು ಕಾಣದ ಮುದುಕ, ದಿನ ತುಂಬಿದ ಯಾವಳಾದರೂ ಬಸುರಿ. ಉಳಿದ ಸೀಟು ಖಾಲಿ.

ಮೋಟಾರು ಹೊಡೆಯುತ್ತಿದ್ದವರು ಹಳಿಯಾಳದ ಮುಸಲ್ಮಾನರು. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅವರು ಎಷ್ಟೋ ಸಲ ಗಾಡಿ ನಿಲ್ಲಿಸಿ ಹೇಳಿದರು: "ಹತ್ರಿ ಬೇ, ಎಲ್ಲಾರೂ ಹತ್ರಿ. ಖಾಲಿ ಗಾಡಿ ಕಂಡ್ರ ಪ್ಯಾಟಿಯವ್ರು ಸುಮ್ನ ಕೂಡೂದಿಲ್ಲ."

ಸಿದ್ದಿ ಮನೆಯ ಹಿರಿಯಳೊಬ್ಬಳಿದ್ದಳು, ಊರಿಗೆಲ್ಲ ಆಯಿ. ಅವಳು ನಕ್ಕುಬಿಟ್ಟಳು. "ಕಾಲು ಗಟ್ಟಿ ಇದ್ದಾಕಿ ನಾ ಹತ್ತಿ ಕುಂತರ, ನಡುವ ಹಾದ್ಯಾಗ ಕಾಲಿಲ್ಲದಾಂವ ಸಿಕ್ಕರ ಎಲ್ಲಿ ಕುಂಡ್ರಿಸ್ತಿ ಚಾಚಾ? ನೀ ನಡಿ, ನಾವು ಬಂದ್ವಿ."

ಒಂದು ಸಂತೆಗೆ ಕಮಿಟಿಯ ಗುಮಾಸ್ತ ಚಾಚಾನ ಪಕ್ಕ ಕೂತು ಬಂದ. ಬಿಳಿ ಟೊಪ್ಪಿಗೆ, ಕೊಡೆ. ಒಳಗಿನ ಸೀಟು ನೋಡಿದ, ಅವ್ವನನ್ನು ನೋಡಿದ. ಹಿಂದೆ ಧೂಳಿನಲ್ಲಿ ನಡೆದು ಬರುತ್ತಿದ್ದ ನಮ್ಮನ್ನು ಮಾತ್ರ ತಿರುಗಿ ನೋಡಲಿಲ್ಲ. ಮುಂದಿನ ಸಂತೆಗೆ ಅವ್ವ ಸೀರೆ ಉಟ್ಟು, ಮೋಟಾರು ನಿಲ್ಲುವ ಮತ್ತಿಮರದ ಬುಡಕ್ಕೆ ಕೂತೇ ಕೂತಳು. ಬಿಸಿಲೇರಿತು, ಮೋಟಾರಿಲ್ಲ. ಕೊನೆಗೆ ಚಾಚಾ ಸೈಕಲ್ ತುಳಿದುಕೊಂಡು ಬಂದರು. ಮೋಟಾರು ನಿಂತದ್ದನ್ನು ಹೇಳಲಿಕ್ಕೆಂದೇ ಅಷ್ಟು ದೂರ ಬಂದಿದ್ದರು.

"ಮಂದಿ ಹತ್ತೂದಿಲ್ಲ, ಈ ಊರಿಗೆ ಮೋಟಾರಿನ ಗರಜ ಇಲ್ಲ ಅಂದ್ರವ್ವಾ ಕಮಿಟಿಯವ್ರು."

"ನಾ ಒಬ್ಬಾಕಿ ಕುಂತಿದ್ದೆನಲ್ಲೋ ಯಪ್ಪಾ ಅದರಾಗ," ಅಂದಳು ಅವ್ವ.

ಹಿರಿಯರು ಕಮಿಟಿಯ ಬಾಗಿಲಿಗೆ ಮತ್ತೆ ಹೋದರು. ಒಬ್ಬ ಬೇನೆಯವಳ ಸಲುವಾಗಿ ಪೇಟೆಯ ಪಟ್ಟಿಯ ರೊಕ್ಕ ಸುಡಲಿಕ್ಕೆ ಬರುವುದಿಲ್ಲ ಎಂಬ ಉತ್ತರ ಬಂತು. ಮೇಲಿಂದ, ಇದ್ದಲಿ ಮಾತ್ರ ಕಳಿಸುತ್ತಿರಿ, ಬೇರೆ ಊರಿನ ಮೋಟಾರಿಗೆ ಬೇಕು ಅಂದರಂತೆ. ನೆನೆಸಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವರಿಗೆ ಲೆಕ್ಕ ಬರುತ್ತಿತ್ತು, ನಿಜ. ನಮ್ಮ ಜನ ಯಾಕೆ ನಡೆಯುತ್ತಾರೆ ಅಂತ ಒಂದು ಮಾತು ಕೇಳಬಾರದಿತ್ತೇ?

ಆಮೇಲೆ ಕೆಲವು ಸಂತೆ ಅವ್ವ ಎತ್ತಿನ ಗಾಡಿಯಲ್ಲಿ ಹೋದಳು. ಆಮೇಲೆ ಒಲ್ಲೆನೆಂದಳು. ಹೊಟ್ಟೆ ಬಿಗಿದು ಉಸಿರು ಮೇಲಾದ ದಿನ ಗಂಡಸರು ಬಿದಿರ ಬೊಂಬಿಗೆ ಕಂಬಳಿ ಕಟ್ಟಿ ಅವಳನ್ನು ಮಲಗಿಸಿದರು. ಸರತಿಯ ಮೇಲೆ ಹೆಗಲು ಕೊಡಲೆಂದು ಊರಿಗೆ ಊರೇ ಹೊರಟಿತು. ನಾನು ಅವಳ ಕೈ ಹಿಡಿದುಕೊಂಡು ಪಕ್ಕಕ್ಕೇ ನಡೆದೆ. ನಾವೇ ಮಣ್ಣು ಹಾಕಿದ ಆ ದಾರಿ ದಾಟಿ, ಪೇಟೆಯ ಮೊದಲ ಮನೆಗಳು ಕಾಣುವಾಗ ಆ ಕೈ ತಣ್ಣಗಾಯಿತು. ದವಾಖಾನೆಯ ಕಟ್ಟೆಯ ಮೇಲೆ ಡಾಕ್ಟರು ಕಂಬಳಿ ಸರಿಸಿ ನೋಡಿ, ಮತ್ತೆ ಹೊದಿಸಿದರು.

ಸುದ್ದಿ ಕೇಳಿ ಚಾಚಾ ಬಂದರು. ಯಾರನ್ನೂ ಕೇಳದೆ ಮೋಟಾರಿಗೆ ಇದ್ದಲಿ ತುಂಬಿ ಕಟ್ಟೆಗೆ ತಂದು ನಿಲ್ಲಿಸಿದರು. ಸೀಟುಗಳ ನಡುವೆ ಅವ್ವನನ್ನು ಮಲಗಿಸಿದ ಮೇಲೆ ನಾವು ಎಂದಿನಂತೆ ಹಿಂದೆ ಸರಿದು ನಿಂತೆವು.

"ಇವತ್ತರ ಹತ್ರಿ," ಅಂದರು ಚಾಚಾ.

ಆಯಿ ಮೊದಲು ಹತ್ತಿದಳು. ಆಮೇಲೆ ಎಲ್ಲರೂ ಹತ್ತಿದರು. ಕೂತರು, ನಿಂತರು, ಬಾಗಿಲಿಗೆ ಜೋತುಬಿದ್ದರು. ಆ ಮೋಟಾರು ನಮ್ಮೂರಿಗೆ ತುಂಬಿ ಬಂದದ್ದು ಅದೊಂದೇ ಸಲ. ಡ್ರೈವರನ ಹಿಂದಿನ ಸೀಟಿನಲ್ಲಿ ಮಾತ್ರ ಯಾರೂ ಕೂಡಲಿಲ್ಲ.