ಬಿಳಿ ಪಂಚೆಯ ಮೇಲಿನ ಊರು

ಪೂರ್ವಜನ್ಮ, ದಿವ್ಯದೃಷ್ಟಿ, ಮೈಮೇಲೆ ಬರುವುದು ಅಂತ ಯಾರಾದರೂ ಮಾತೆತ್ತಿದರೆ ನಾನು ಎದ್ದು ಕಾಫಿ ಕಾಯಿಸಲು ಹೋಗುತ್ತಿದ್ದೆ. ಕೂತು ವಾದ ಮಾಡುವಷ್ಟು ಬೆಲೆಯನ್ನೂ ಅವಕ್ಕೆ ಕೊಟ್ಟವಳಲ್ಲ. ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುತ್ತಿದ್ದ ನಮ್ಮಪ್ಪ, ಕಣ್ಣಿಗೆ ಕಂಡದ್ದನ್ನೂ ಒಮ್ಮೆ ಬೆರಳಿನಿಂದ ತಟ್ಟಿ ನೋಡು ಎಂದು ಹೇಳಿ ಬೆಳೆಸಿದವರು. ಇವತ್ತಿಗೂ ನನ್ನ ಸ್ವಭಾವ ಹೆಚ್ಚೇನೂ ಬದಲಾಗಿಲ್ಲ. ಆದರೆ ಮುಳಬಾಗಿಲಿನ ನಮ್ಮ ನಡುಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಎಷ್ಟು ತಟ್ಟಿದರೂ ಟೊಳ್ಳು ಸದ್ದು ಬರಲಿಲ್ಲ. ಅದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ನನ್ನ ಗಂಡ ದಿನಾ ಬಸ್ಸಿನಲ್ಲಿ ಕೋಲಾರದ ಕಚೇರಿಗೆ ಹೋಗಿ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ. ಮಾವ ಶಾನುಭೋಗಿಕೆ ಮಾಡಿದವರು. ಕನ್ನಡ, ತೆಲುಗು ಎರಡನ್ನೂ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಇಂಗ್ಲಿಷು ರುಜು ಹಾಕುವಷ್ಟಕ್ಕೆ ಮಾತ್ರ. ತಿರುಪತಿ, ಮದರಾಸು ಬಿಟ್ಟರೆ ದೂರದ ಊರು ಕಂಡವರಲ್ಲ.

ಆ ವರ್ಷ ಯುಗಾದಿಗೆ ಮುಂಚೆ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಸ್ವಲ್ಪ ಸ್ವಲ್ಪವಾಗಿ ಸ್ವಾಧೀನಕ್ಕೆ ಬಂದವು, ಮಾತು ಬರಲಿಲ್ಲ. ನಮ್ಮನ್ನು ಗುರುತಿಸುತ್ತಾರೋ ಇಲ್ಲವೋ ಅದೂ ತಿಳಿಯುತ್ತಿರಲಿಲ್ಲ. "ಇನ್ನು ಮಾತಿನ ಆಸೆ ಇಟ್ಕೋಬೇಡಿ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆ ಮಾತ್ರ ತುತ್ತು ಕೊಡುವಾಗಲೆಲ್ಲ ಬೀದಿಯ ಸುದ್ದಿ ಹೇಳುತ್ತಿದ್ದರು. ಏನಾದರೂ ಕೇಳಿದರೆ, ಉತ್ತರ ಬರಲೆಂದು ಸ್ವಲ್ಪ ಹೊತ್ತು ಕಾಯುತ್ತಲೂ ಇದ್ದರು.

ಆಗಲೇ ಮಾರ್ಗರೆಟ್ ನಮ್ಮ ಶಾಲೆಗೆ ಬಂದದ್ದು. ಅಮೆರಿಕದ ಫಿಲಡೆಲ್ಫಿಯಾದ ಟೀಚರು. ಇಲ್ಲಿನ ಶಾಲೆಗಳನ್ನು ನೋಡಿ ಹೋಗಲು ಬಂದು, ಕೆಲವು ವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಉಳಿದರು. ಸಾರು ಅನ್ನ ಕಲಸಿ ಉಣ್ಣುವುದನ್ನು ಕಲಿತು, ಎಲ್ಲರನ್ನೂ "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ತಮ್ಮ ಊರಿನ ಬಣ್ಣದ ಸ್ಲೈಡುಗಳನ್ನೂ ಅವನ್ನು ತೋರಿಸುವ ಪ್ರೊಜೆಕ್ಟರನ್ನೂ ತಂದಿದ್ದರು. ಹೊರಡುವುದಕ್ಕೆ ಎರಡು ದಿನ ಮುಂಚೆ, ದೀಪ ಹಚ್ಚುವ ಹೊತ್ತಿಗೆ ಗೋಡೆಗೆ ಮಾವನವರ ಬಿಳಿ ಪಂಚೆ ಕಟ್ಟಿ, ಅಕ್ಕಪಕ್ಕದವರನ್ನೂ ಕರೆದು ಕೂತೆವು. ಮಾವ ಎಂದಿನಂತೆ ಆರಾಮ ಕುರ್ಚಿಯಲ್ಲಿದ್ದರು.

ಮಾರ್ಗರೆಟ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಾತಂತ್ರ್ಯ ಘೋಷಿಸಿದ ಕಟ್ಟಡ ಬಂತು. ಬಿರುಕು ಬಿಟ್ಟ ದೊಡ್ಡ ಗಂಟೆ ಬಂತು. "ಅಷ್ಟು ಸಾಹುಕಾರ ದೇಶ, ಗಂಟೆ ಬೆಸೆಸೋಕಾಗ್ಲಿಲ್ವಾ?" ಎಂದು ಪಕ್ಕದ ಮನೆಯವರು ಕೇಳಿ ಎಲ್ಲರೂ ನಕ್ಕೆವು. ಗುಂಡುಕಲ್ಲು ಹಾಸಿದ ಇಕ್ಕಟ್ಟಾದ ಬೀದಿ, ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳು ಬಂದವು. ಆಮೇಲೆ, ಬೀದಿಯ ನಡುವೆ ಇಟ್ಟಿಗೆ ಕಂಬಗಳ ಮೇಲೆ ಸೂರು ಹೊತ್ತ ಹಳೆಯ ಸಂತೆ ಕಟ್ಟೆ.

"ಅದು ದಾಟಿದ್ಮೇಲೆ ಎಡಕ್ಕೆ."

ಯಾರು ಹೇಳಿದರೆಂದು ನಾನು ಹಿಂದೆ ತಿರುಗಿದೆ. ಮಾವ ಪಂಚೆಯನ್ನೇ ನೋಡುತ್ತಿದ್ದರು.

"ಎಡಕ್ಕೆ ತಿರುಗಿದ್ರೆ ನದಿ ಕಡೆ ಹೋಗುತ್ತೆ. ತಿರುವಿನಲ್ಲಿ ಕುದುರೆಗೆ ನೀರಿಡೋ ಕಲ್ಲುತೊಟ್ಟಿ." ಸ್ವಲ್ಪವೂ ತೊದಲಿಲ್ಲ. ಅದೇ ಹಳೆಯ ದನಿ.

ಅತ್ತೆ ಎದ್ದು ಓಡಿ ಅವರ ಮುಂದೆ ಕೂತರು. "ಅಯ್ಯೋ ದೇವುಡಾ! ಇನ್ನೊಂದ್ಸಲ ಅನ್ನಿ. ನನ್ನ ನೋಡಿ, ನಾನ್ಯಾರು ಹೇಳಿ?"

ಮಾವ ತುಂಬ ಸೌಜನ್ಯದಿಂದ, ಬೀದಿಯಲ್ಲಿ ಅಡ್ಡ ಸಿಕ್ಕ ಅಪರಿಚಿತರಿಗೆ ಹೇಳುವಂತೆ, "ಸ್ವಲ್ಪ ದಾರಿ ಬಿಡಿಯಮ್ಮ" ಎಂದರು.

ಅತ್ತೆ ಪಕ್ಕಕ್ಕೆ ಸರಿದರು. ನಾನು ಮಾವನ ಮಾತನ್ನು ಮಾರ್ಗರೆಟ್‌ಗೆ ಹೇಳಿದೆ. ಆಕೆ ಪ್ರೊಜೆಕ್ಟರಿನ ಮೇಲಿಂದ ಕೈ ತೆಗೆದರು. ಆ ತಿರುವಿನಲ್ಲಿ ತೊಟ್ಟಿ ಇದೆ, ಈಗ ಅದರಲ್ಲಿ ಹೂಗಿಡ ಬೆಳೆಸಿದ್ದಾರೆ, ಅದರ ಚಿತ್ರ ಮಾತ್ರ ತಮ್ಮ ಹತ್ತಿರ ಇಲ್ಲ ಎಂದರು. ಅವತ್ತು ಅಡುಗೆಮನೆಯಲ್ಲಿ ಅತ್ತೆ ನನಗೆ ಹೇಳಿದ್ದು ಇಷ್ಟೇ: "ಮಾತು ಬಂತು ಕಣೇ. ಆದ್ರೆ ಮನೆಗೆ ಬರ್ಲಿಲ್ಲ."

ಮರುದಿನ ಬೆಳಗಿನಿಂದ ಮಾವ ಮತ್ತೆ ಮೂಕರು. ನನ್ನ ಗಂಡನಿಗೆ ಇದು ಮಿದುಳಿನ ಯಾವುದೋ ಏರುಪೇರು ಎಂದೇ ಅನಿಸಿತ್ತು. ಪರೀಕ್ಷಿಸಿಯೇ ಬಿಡೋಣವೆಂದು ಸಂಜೆ ಅವರು, ಅಕ್ಕಪಕ್ಕದವರನ್ನು ಕರೆಯದೆ, ಮಾರ್ಗರೆಟ್‌ಗೆ ಹೇಳಿ ಸ್ಲೈಡುಗಳನ್ನು ಬೇಕೆಂದೇ ಹಿಂದೆ ಮುಂದೆ ಮಾಡಿಸಿ ಹಾಕಿಸಿದರು. ಹಳೆಯ ಸಂತೆ ಕಟ್ಟೆ ಆದ ಮೇಲೆ ಗಂಟೆಯ ಚಿತ್ರ ಬಂದ ಕೂಡಲೇ ಮಾವನವರ ಹುಬ್ಬು ಗಂಟಾಯಿತು. "ಮತ್ತೆ ಹಿಂದಕ್ಕೆ ಯಾಕೋ ಕರ್ಕೊಂಡು ಬಂದೆ? ಇಲ್ಲಿಂದ ಎಷ್ಟು ನಡೀಬೇಕು!"

ನನ್ನ ಗಂಡ ತಟ್ಟನೆ ಎದ್ದುನಿಂತರು. "ಸಾಕು, ಆರಿಸಿಬಿಡಿ. ಅಮ್ಮ ನೋಡಿ ಹೆಂಗೆ ಕೂತಿದ್ದಾಳೆ" ಎಂದರು.

ಅತ್ತೆ ಎದ್ದು ಒಳಗೆ ಹೋದರು. ಅಳುವುದಕ್ಕೆ ಹೋದರೆಂದುಕೊಂಡೆ. ಬಂದಾಗ ಹಬ್ಬಕ್ಕೆ ಉಡುವ ಜರಿಯಂಚಿನ ಸೀರೆ ಉಟ್ಟಿದ್ದರು, ತಲೆ ಬಾಚಿ ಕುಂಕುಮ ಇಟ್ಟುಕೊಂಡಿದ್ದರು.

"ಸರಿಯಾಗಿ ಹಾಕ್ಸೋ," ಎಂದರು ಮಗನಿಗೆ. "ನಾಳೆ ಆಯಮ್ಮ ಹೊರಟ್ರೆ ಇವರ ದನೀನ ನಾನೆಲ್ಲಿಂದ ತರ್ಲಿ?" ಮಾವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಅವರ ಕಡೆ ಬಗ್ಗಿ ತೆಲುಗಿನಲ್ಲಿ "ಪದಂಡಿ" ಎಂದರು. ನಡೀರಿ ಅಂತ. "ನಾನೂ ಬರ್ತೀನಿ."

ಮಾರ್ಗರೆಟ್ ಮೊದಲಿನಿಂದ ಹಾಕಿದರು. ಅತ್ತೆ ಒಂದೊಂದಕ್ಕೂ ಪ್ರಶ್ನೆ ಕೇಳಿದರು, ಮಾವ ಹೇಳಿದರು. ಈ ಬೀದಿಯಲ್ಲಿ ಬಡಗಿಗಳಿದ್ದಾರೆ. ಆ ಕಡೆ ಹಡಗಿನ ಜನ. ಅಲ್ಲಿ ಮೀನಿನ ವಾಸನೆ, ಸೆರಗು ಮುಚ್ಚಿಕೋ. ಅತ್ತೆ ನಿಜವಾಗಿ ಸೆರಗು ಮುಚ್ಚಿಕೊಂಡರು. ಸಂತೆ ಕಟ್ಟೆ ದಾಟಿ, ಎಡಕ್ಕೆ ತಿರುಗಿದರು. ಅಲ್ಲಿಗೆ ಸ್ಲೈಡುಗಳು ಮುಗಿದವು. ಪಂಚೆಯ ಮೇಲೆ ಬರೀ ಬೆಳಕು ಉಳಿಯಿತು. ಮಾವ ನಿಲ್ಲಿಸಲಿಲ್ಲ.

"ಇನ್ನೆಷ್ಟು ದೂರ?"

"ಬಂದೇಬಿಟ್ವಿ. ಇದೇ ಮನೆ. ಬಿಳೀ ಕಲ್ಲಿನ ಮೆಟ್ಲು, ಈಗ್ತಾನೆ ತೊಳ್ದಿದ್ದಾರೆ, ಜಾರುತ್ತೆ. ಕೈ ಕೊಡು."

ಅತ್ತೆ ಕೈ ಕೊಟ್ಟರು. ಮಾವ ಅದನ್ನು ಹಿಡಿದುಕೊಂಡು, ಆ ಖಾಲಿ ಬೆಳಕಿನ ಕಡೆಗೆ ಮುಖ ಎತ್ತಿ, ಒಳಗಿನವರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದರು: "ಬಾಗಿಲು ತೆಗೀರಿ. ವೆಂಕಟಲಕ್ಷ್ಮಿ ಬಂದಿದ್ದಾಳೆ. ನನ್ನ ಹೆಂಡ್ತಿ."

ಆಗಿನ ಕಾಲದ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮದುವೆಯಾದ ಲಾಗಾಯ್ತಿನಿಂದ ಮಾವ ಅತ್ತೆಯನ್ನು ಕರೆದದ್ದೆಲ್ಲ "ಇವಳೇ" ಎಂದೇ. ಆ ಹೆಸರನ್ನು ಅವರ ಬಾಯಲ್ಲಿ ನಾವು ಯಾರೂ ಕೇಳಿರಲಿಲ್ಲ, ಅತ್ತೆಯೂ ಕೇಳಿರಲಿಲ್ಲ. ಮತ್ತೆ ಕೇಳಲೂ ಇಲ್ಲ. ಮಾವ ಇನ್ನೆರಡು ವರ್ಷ ಬದುಕಿದರು. ಒಂದು ಮಾತೂ ಆಡಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಯಾವುದಾದರೂ ಪತ್ರಿಕೆಯಲ್ಲಿ ಆ ಚಿತ್ರಗಳನ್ನು ನೋಡಿದ್ದರೇ, ಯಾರಾದರೂ ಅಮೆರಿಕದ ಪಾದ್ರಿಗಳ ಪರಿಚಯವಿತ್ತೇ ಎಂದು ಅವರ ಹಳೆಯ ಸ್ನೇಹಿತರನ್ನೆಲ್ಲ ವಿಚಾರಿಸಿದೆ. ಶ್ರೀನಿವಾಸಪುರದಲ್ಲಿದ್ದ ಅವರ ತಮ್ಮ, "ಅಣ್ಣ ಹಡಗನ್ನೇ ಒಂದೇ ಸಲ ನೋಡಿರೋದು, ಅದೂ ಮದರಾಸಿನ ದಡದಿಂದ" ಎಂದು ನಕ್ಕುಬಿಟ್ಟರು.

ಎಂಬತ್ತರ ದಶಕದ ನಡುವೆ, ಮಾರ್ಗರೆಟ್‌ರ ಆಹ್ವಾನದ ಮೇಲೆ ನನಗೇ ಫಿಲಡೆಲ್ಫಿಯಾಕ್ಕೆ ಹೋಗುವ ಅವಕಾಶ ಬಂತು. ಕಟ್ಟಡ, ಗಂಟೆ ಎಲ್ಲ ನೋಡಿದೆವು. ಸಂತೆ ಕಟ್ಟೆ ದಾಟಿ ನಡೆದೆವು. ಕಲ್ಲುತೊಟ್ಟಿ ಇತ್ತು, ಅದರ ತುಂಬ ಹೂವು. ಎಡಕ್ಕೆ ತಿರುಗಿದೆವು. ಬೀದಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಮುಂದೆ ಲಾರಿ ಕಾರುಗಳು ಭೋರೆಂದು ಓಡುವ ಭಾರೀ ಹೆದ್ದಾರಿ. ಅದಕ್ಕಾಗಿ ನದಿಯ ಕಡೆಯ ಸಾಲು ಸಾಲು ಮನೆಗಳನ್ನು ಕೆಡವಿದ್ದರಂತೆ, ಮಾರ್ಗರೆಟ್ ಮುಳಬಾಗಿಲಿಗೆ ಬರುವುದಕ್ಕೂ ಬಹಳ ಮುಂಚೆಯೇ. ಬಿಳಿ ಕಲ್ಲಿನ ಮೆಟ್ಟಿಲು ಆ ಊರಿನಲ್ಲಿ ಬೇಕಾದಷ್ಟು ಮನೆಗಳಿಗಿವೆ. ಹಾಗಾಗಿ ಅಲ್ಲಿ ಅಂಥ ಮನೆ ಇತ್ತು ಎಂದು ಹೇಳಲಾರೆ, ಇರಲಿಲ್ಲ ಎಂದೂ ಹೇಳಲಾರೆ.

ಊರಿಗೆ ಬಂದ ಮೇಲೆ ಇದನ್ನು ಅತ್ತೆಗೆ ಹೇಳಲು ಹಿಂಜರಿದೆ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹೇಳಿಯೇಬಿಟ್ಟೆ.

"ಆ ಮನೆ ಈಗ ಇಲ್ಲಮ್ಮ. ರಸ್ತೆ ಆಗೋಗಿದೆ."

ಅವರು ಕೈ ನಿಲ್ಲಿಸಲಿಲ್ಲ. "ಹೋಗ್ಲಿ ಬಿಡೇ."

"ನಿಮಗೆ ಒಂದು ಚೂರೂ ಯೋಚನೆ ಬರಲ್ವಾ? ಮಾವನವರು ಆ ಊರಿಗೆ ಹೆಂಗೆ ಹೋದ್ರು ಅಂತ?"

"ಹೆಂಗೆ ಹೋದ್ರೋ, ಯಾಕೆ ಹೋದ್ರೋ ನಂಗೇನೇ ಗೊತ್ತು," ಎಂದರು ಅತ್ತೆ. "ಹೋಗ್ತಾ ನನ್ನ ಕರ್ಕೊಂಡು ಹೋದ್ರಲ್ಲ."

ಆ ಬಾಗಿಲು ಯಾರು ತೆಗೆದರು ಎಂದು ಕೇಳುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ನಂಬದವಳು ಕೇಳುವ ಪ್ರಶ್ನೆಯಲ್ಲ ಅದು ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದೆ. ಈಗ ಕೇಳೋಣವೆಂದರೆ ಅತ್ತೆ ಇಲ್ಲ.